‘ನಂದು’ ಎಂದು ಬರೆದ ಕೊಳವೆ

ಕಾಕಾ ತಮ್ಮ ರಕ್ತದ ಕೊಳವೆಯ ಮೇಲೆ ಹೆಸರು ಬರೆಯುತ್ತಿರಲಿಲ್ಲ. ನೀಲಿ ಮಾರ್ಕರಿನಿಂದ ದಪ್ಪಗೆ ‘ನಂದು’ ಎಂದಷ್ಟೇ ಬರೆದು, ಕೆಳಗೆ ತಾರೀಖು ಹಾಕಿ, ಫ್ರಿಜ್ಜಿನ ಮೇಲಿನ ಅರೆಯಲ್ಲಿ ನಿಲ್ಲಿಸುತ್ತಿದ್ದರು. ಮೊದಲು ನಾನು ತಕರಾರು ತೆಗೆದಿದ್ದೆ. ಪ್ರಯೋಗಾಲಯದಲ್ಲಿ ಪ್ರತಿ ಕೊಳವೆಗೂ ಒಂದು ಸಂಖ್ಯೆ ಇರಬೇಕು, ಹೊರಗಿನವರು ಬಂದು ನೋಡಿದರೆ ‘ನಂದು’ ಎಂದರೆ ಯಾರದು ಎಂದು ತಿಳಿಯಬೇಕು ಎಂದು ಹೇಳಿದ್ದೆ.

“ಹೊರಗಿನವ್ರು ಯಾಕ ಬರ್ತಾರ್ರಿ ಅಕ್ಕಾರ ಇಲ್ಲಿಗೆ. ನೀವು, ನಾನು, ಸರ್ರು. ನೀವು ಸೂಜಿ ಕಂಡ್ರ ಓಡ್ತೀರಿ. ಸರ್ರಿಗೆ ಸಕ್ಕರಿ ಬ್ಯಾನಿ. ಉಳಿದಾಂವ ನಾನೊಬ್ಬ. ಇದು ನಂದಲ್ದ ಮತ್ಯಾರದು?”

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕಾರ ಎನ್ನುತ್ತಾರೆ. ನಾನಿನ್ನೂ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿ. ಹಾಗೆ ಕರೆಯಬೇಡಿರಿ ಎಂದರೆ, “ಮುಂದ ಆಗೂದ ಐತಲ್ಲ, ಈಗಿಂದ ರೂಢಿ ಆಗ್ಲಿ” ಎನ್ನುತ್ತಿದ್ದರು. ಕಾಕಾ ನಮ್ಮ ವಿಭಾಗದ ಅಟೆಂಡರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಣೆಗೆ ಮೂರು ಬೆರಳ ವಿಭೂತಿ, ಅಂಗಿಯ ಜೇಬಿನಲ್ಲಿ ಎರಡು ಮಾರ್ಕರ್. ನಾನು ವಿದ್ಯಾನಗರದಲ್ಲಿ ಬಸ್ಸು ಹತ್ತಿದರೆ ಅವರು ಉಣಕಲ್ಲಿನಲ್ಲಿ ಅದೇ ಬಸ್ಸು ಹತ್ತುತ್ತಿದ್ದರು. ಧಾರವಾಡ ತಲುಪುವವರೆಗೆ ಅವರದೊಂದೇ ವಿಷಯ: ಯಾವ ಓಣಿಗೆ ನೀರು ಬಂತು, ಯಾವ ಓಣಿಗೆ ಬರಲಿಲ್ಲ.

ನನ್ನ ಕೆಲಸ ಹೇಳಿಕೊಳ್ಳಲು ದೊಡ್ಡದು, ಮಾಡಲು ಬೇಸರದ್ದು. ಪ್ರಾಣಿಗಳು, ಹುಳುಗಳು, ಕೊನೆಗೆ ಮೊಸರಿನಲ್ಲಿರುವ ಸೂಕ್ಷ್ಮಜೀವಿಗಳು ಕೂಡ ತಮ್ಮನ್ನು ತಾವು ಕಾಪಾಡಿಕೊಳ್ಳಲು ಪ್ರೋಟೀನಿನ ಚಿಕ್ಕ ಚಿಕ್ಕ ತುಂಡುಗಳನ್ನು ಮಾಡಿಕೊಳ್ಳುತ್ತವೆ. ಅವಕ್ಕೆ ಪೆಪ್ಟೈಡ್ ಎಂದು ಹೆಸರು. ಕೆಲವು ಪೆಪ್ಟೈಡುಗಳು ಬ್ಯಾಕ್ಟೀರಿಯಾದ ಹೊರಪೊರೆಗೆ ತೂತು ಕೊರೆದು ಅದನ್ನು ಕೊಲ್ಲುತ್ತವೆ. ಇಂಥ ನಾಲ್ಕನ್ನು ನಾನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತಿದ್ದೆ. ಜೇನುನೊಣದ ವಿಷದ್ದೊಂದು. ಕಪ್ಪೆಯ ಚರ್ಮದ್ದೊಂದು, ಅದು ಪುಡಿಯಾಗಿ ಸೀಸೆಯಲ್ಲೇ ಬರುತ್ತಿತ್ತು. ಮೊಸರಿನ ಬ್ಯಾಕ್ಟೀರಿಯಾ ಮಾಡುವುದೊಂದು. ನಾಲ್ಕನೆಯದು ಈದ ಎಮ್ಮೆಯ ಮೊದಲ ಹಾಲು, ಗಿಣ್ಣ ಮಾಡುವ ಹಾಲಿನದು.

ಗಿಣ್ಣದ ಹಾಲು ತರುವುದು ಕಾಕಾನ ಜವಾಬ್ದಾರಿ. ಉಣಕಲ್ಲಿನಲ್ಲಿ ಅವರ ಮನೆಯ ಹಿಂದೆಯೇ ಎಮ್ಮೆ ಕಟ್ಟಿದವರಿದ್ದರು. ಎಮ್ಮೆ ಈದ ಸುದ್ದಿ ಮೊದಲು ಮುಟ್ಟುತ್ತಿದ್ದುದು ಅವರ ಹೆಂಡತಿಗೆ. ನಾನು ಕಾಕೂ ಎಂದು ಕರೆಯುತ್ತಿದ್ದ ಆಕೆ ಬೆಳಗಿನಲ್ಲೇ ಹೋಗಿ ಚರಗಿಯಲ್ಲಿ ಹಾಲು ಇಸಿದುಕೊಂಡು ಬರುತ್ತಿದ್ದರು. ಅದರಲ್ಲಿ ಅರ್ಧ ಬಾಟಲಿಗೆ ಹೋಗಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿತ್ತು. ಇನ್ನರ್ಧ ಬೆಲ್ಲ, ಯಾಲಕ್ಕಿ ಬಿದ್ದು ಗಿಣ್ಣವಾಗಿ ಸ್ಟೀಲ್ ಡಬ್ಬಿಯಲ್ಲಿ ಬರುತ್ತಿತ್ತು.

“ಅರ್ಧಾ ಸೈನ್ಸಿಗೆ, ಅರ್ಧಾ ಹೊಟ್ಟಿಗೆ,” ಎಂದು ಕಾಕಾ ಡಬ್ಬಿ ಬಿಚ್ಚುತ್ತಿದ್ದರು. “ಸೈನ್ಸಿನ ಪಾಲು ಸಣ್ಣದಾತು ಅಂತ ಬರಕೋಬ್ಯಾಡ್ರಿ ಮತ್ತ.”

ಹೋಲಿಕೆಗೆ ಎರಡು ಪರೀಕ್ಷೆ. ತೊಂಬತ್ತಾರು ಸಣ್ಣ ಕುಳಿಗಳಿರುವ ಪ್ಲಾಸ್ಟಿಕ್ ಪ್ಲೇಟು ಇರುತ್ತದೆ, ಪಡ್ಡಿನ ಹಂಚಿನ ಮರಿಯಂತೆ. ಮೊದಲ ಪ್ಲೇಟಿನಲ್ಲಿ, ಸಾಮಾನ್ಯ ಔಷಧಿಗೆ ಬಗ್ಗದ, ಗಾಯದ ಕೀವಿನಿಂದ ತೆಗೆದ ಬ್ಯಾಕ್ಟೀರಿಯಾ. ಮರುದಿನ ಕುಳಿ ತಿಳಿಯಾಗಿದ್ದರೆ ಬ್ಯಾಕ್ಟೀರಿಯಾ ಸತ್ತಿದೆ, ಮಬ್ಬಾಗಿದ್ದರೆ ಬದುಕಿದೆ. ಎರಡನೆಯ ಪ್ಲೇಟಿನಲ್ಲಿ ಮನುಷ್ಯನ ರಕ್ತದ ಕೆಂಪು ಕಣಗಳು. ಯಾಕೆಂದರೆ ಬ್ಯಾಕ್ಟೀರಿಯಾಕ್ಕೆ ತೂತು ಕೊರೆಯುವುದು ನಮ್ಮ ಕಣಗಳನ್ನೂ ಒಡೆಯುವುದಾದರೆ ಅದು ಔಷಧಿಯಲ್ಲ. ಕಣಗಳು ಉಳಿದರೆ ಕುಳಿಯ ತಳದಲ್ಲಿ ಕೆಂಪು ಚುಕ್ಕೆಯಾಗಿ ಕೂರುತ್ತವೆ, ಮೇಲಿನ ನೀರು ತಿಳಿಯಾಗಿರುತ್ತದೆ. ಒಡೆದರೆ ಕುಳಿಯೆಲ್ಲ ಒಂದೇ ಸಮ ಕೆಂಪು.

ಈ ಎರಡನೆಯ ಪ್ಲೇಟಿಗೆ ಕಾಕಾ ರಕ್ತ ಕೊಡುತ್ತಿದ್ದರು. ಆವರಣದ ದವಾಖಾನೆಯ ಸಿಸ್ಟರ್ ತೆಗೆದುಕೊಡುತ್ತಿದ್ದರು. ಒಪ್ಪಿಗೆಯ ಹಾಳೆಗೆ ಪ್ರತಿ ಸಲವೂ ಅವರದು ಪೂರ್ತಿ ಹೆಸರಿನ, ನಿಧಾನದ ಸಹಿ. ಒಂದೇ ಮನುಷ್ಯನ ರಕ್ತದಲ್ಲಿ ನಾಲ್ಕನ್ನೂ, ಮೂರು ಮೂರು ಸಲ ಮಾಡಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ ಎಂದು ನನ್ನ ಮಾರ್ಗದರ್ಶಕರಾದ ಸರ್ ಹೇಳಿದ್ದರು. ಎರಡು ಸಲ ಮುಗಿದಿತ್ತು. ಜೇನಿನ ವಿಷದ್ದು ಎಲ್ಲಕ್ಕಿಂತ ಕಡಿಮೆ ಪ್ರಮಾಣದಲ್ಲಿ ಬ್ಯಾಕ್ಟೀರಿಯಾ ಕೊಂದಿತ್ತು. ರಕ್ತದ ಪ್ಲೇಟಿನಲ್ಲೂ ಅದೇ ಮೊದಲು. ಅದರದು ಮೇಲಿನ ಸಾಲು, ಈ ತುದಿಯಿಂದ ಆ ತುದಿಯವರೆಗೆ ಕೆಂಪು. ಕೆಳಗೆ ಗಿಣ್ಣದ ಸಾಲಿನಲ್ಲಿ ಅವರ ಕಣಗಳು ಸಣ್ಣ ಕುಂಕುಮದ ಬೊಟ್ಟುಗಳಂತೆ ಗಟ್ಟಿಯಾಗಿ ಕೂತಿದ್ದವು.

ಕಾಕಾ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಹುಳದ್ದು ಭಾರಿ ಜೋರೈತಿ. ವೈರಿನೂ ಬಿಡವಲ್ದು, ನಮ್ಮನ್ನೂ ಬಿಡವಲ್ದು. ನಮ್ಮ ಎಮ್ಮಿ ಬಡವಿ, ಆದ್ರ ಮನಿಮಂದಿ ಕಾಯ್ತೈತಿ.”

ಅದನ್ನು ಕೇಳಿ ನಾನು ನಕ್ಕಿದ್ದೆ.

ಜೇನಿನ ವಿಷಕ್ಕೆ ನಾವು ಧಾರವಾಡದ ಹೊರಗಿನ ಒಂದು ತೋಟಕ್ಕೆ ಹೋಗುತ್ತಿದ್ದೆವು. ಅಲ್ಲಿ ಹನ್ನೆರಡು ಜೇನುಪೆಟ್ಟಿಗೆಗಳಿದ್ದವು. ಸಣ್ಣ ತಂತಿಗಳನ್ನು ಎಳೆದ ಗಾಜಿನ ಹಲಗೆಯನ್ನು ಪೆಟ್ಟಿಗೆಯ ಬಾಯಿಗಿಟ್ಟು, ಬ್ಯಾಟರಿಯಿಂದ ತುಸುವೇ ವಿದ್ಯುತ್ ಹರಿಸಿದರೆ ನೊಣಗಳು ಸಿಟ್ಟಾಗಿ ಗಾಜಿಗೆ ಕಚ್ಚುತ್ತವೆ. ಮುಳ್ಳು ಗಾಜಿನಲ್ಲಿ ಸಿಕ್ಕಿಕೊಳ್ಳುವುದಿಲ್ಲವಾದ್ದರಿಂದ ಸಾಯುವುದಿಲ್ಲ. ವಿಷ ಒಣಗಿ ಬಿಳಿಯಾಗಿ ಉಳಿಯುತ್ತದೆ, ಅದನ್ನು ಬ್ಲೇಡಿನಿಂದ ಹೆರೆದುಕೊಳ್ಳಬೇಕು. ಸಿಟ್ಟಾದ ನೊಣ ವಿಷದ ಜೊತೆಗೆ ಒಂದು ವಾಸನೆಯನ್ನೂ ಬಿಡುತ್ತದೆ. ಉಳಿದ ನೊಣಗಳನ್ನು ಜಗಳಕ್ಕೆ ಕರೆಯುವ ವಾಸನೆ ಅದು. ಮನುಷ್ಯರ ಮೂಗಿಗೆ ಕಳಿತ ಬಾಳೆಹಣ್ಣಿನಂತೆ ಬರುತ್ತದೆ. ಬಟ್ಟೆಗೆ ಅಂಟಿದರೆ ಬೇಗ ಬಿಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ನಿಯಮವಿತ್ತು. ತೋಟದಿಂದ ಬಂದ ದಿನವೇ ಕೋಟು ತೊಳೆಯಬೇಕು. ತೊಳೆಯುವುದು ಕಾಕಾ. ಮೊದಲ ವರ್ಷ ಈ ನಿಯಮವನ್ನು ಹಾಳೆಯಲ್ಲಿ ಟೈಪು ಮಾಡಿ ಗೋಡೆಗೆ ಅಂಟಿಸಿದವಳು ನಾನು.

ಆ ವಾರ ಸೋಮವಾರ ತೋಟಕ್ಕೆ ಹೋಗಿದ್ದೆವು. ಗಾಳಿ ಜೋರಿದ್ದುದರಿಂದ ವಿಷ ಸರಿಯಾಗಿ ಸಿಗಲಿಲ್ಲ. ಮೂರನೆಯ ಸಲದ ಪರೀಕ್ಷೆಗೆ ಕಡಿಮೆ ಬಿತ್ತು. ಗುರುವಾರ ಮತ್ತೆ ಹೋಗುವುದೆಂದು ಆಯಿತು. ಆ ವಾರ ನಮ್ಮ ಕಟ್ಟಡಕ್ಕೆ ನೀರು ಬರಲಿಲ್ಲ. ಎಂಟು ದಿನಕ್ಕೊಮ್ಮೆ ಬರುವ ನೀರು ಹತ್ತು ದಿನವಾದರೂ ಬಂದಿರಲಿಲ್ಲ. ಪೈಪು ಒಡೆದಿದೆ ಎಂದರು. ಪ್ರಯೋಗಾಲಯದ ಮೂಲೆಯ ನೀಲಿ ಡ್ರಮ್ಮಿನಲ್ಲಿ ಅರ್ಧ ಉಳಿದಿತ್ತು. ನನಗೆ ಭಟ್ಟಿ ಇಳಿಸಿದ ಶುದ್ಧ ನೀರು ಬೇಕಿತ್ತು. ಅದಕ್ಕೆ ಆ ಡ್ರಮ್ಮಿನದೇ ಆಗಬೇಕು.

ಸೋಮವಾರ ಸಂಜೆ ಕಾಕಾ ತಮ್ಮ ಕೋಟು ಹಿಡಿದು ಡ್ರಮ್ಮಿನ ಹತ್ತಿರ ನಿಂತಿದ್ದರು.

“ಕಾಕಾ, ಇವತ್ತು ಬ್ಯಾಡ್ರಿ. ನೀರು ಬಂದ ಮ್ಯಾಲೆ ತೊಳದ್ರಾತು.”

“ಗುರುವಾರ ಮತ್ತ ಹೋಗೂದೈತಲ್ರಿ.”

“ಅಷ್ಟರಾಗ ಬರ್ತೈತಿ.”

ಅಷ್ಟರಲ್ಲಿ ಬರಲಿಲ್ಲ. ಗುರುವಾರ ಬೆಳಿಗ್ಗೆ ಬಾಗಿಲ ಹಿಂದಿನ ಗೂಟದಿಂದ ಕೋಟು ತೆಗೆದು ಅವರು ಮೂಸಿ ನೋಡಿದರು. ನನ್ನ ಹತ್ತಿರ ಪ್ರಾಕ್ಟಿಕಲ್ ತರಗತಿಗೆಂದು ಮನೆಯಲ್ಲಿ ಇಟ್ಟುಕೊಂಡಿದ್ದ ಇನ್ನೊಂದು ತೊಳೆದ ಕೋಟಿತ್ತು, ಅದನ್ನು ಹಾಕಿಕೊಂಡು ಬಂದಿದ್ದೆ. ಕಾಕಾನ ಹತ್ತಿರ ಇದ್ದುದು ಒಂದೇ.

“ಬಾಳಿಹಣ್ಣಿನ ವಾಸನಿ ಐತ್ರಿ ಅಕ್ಕಾರ ಇನ್ನೂ.”

“ಒಂದಿನ ಹಂಗ ಹಾಕ್ಕೋರಿ ಕಾಕಾ. ಲಗೂ ಹೋಗಿ ಲಗೂ ಬಂದ್ಬಿಡೂಣು.”

“ಆತ್ರಿ. ಅವಕ್ಕೂ ನಮ್ಮ ಗುರುತು ಹತ್ತಿರಬೇಕು ಈಗ,” ಎಂದು ತೋಳು ತೂರಿಸಿದರು. ಅವರ ಎಡಗೈಯ ಮಡಿಕೆಯಲ್ಲಿ ಹಿಂದಿನ ಸಂಜೆ ರಕ್ತ ತೆಗೆದಲ್ಲಿ ಅಂಟಿಸಿದ್ದ ಹತ್ತಿಯ ಚೂರು ಇನ್ನೂ ಇತ್ತು. ಹೊಸ ಕೊಳವೆ ಫ್ರಿಜ್ಜಿನಲ್ಲಿತ್ತು.

ಮುಂದಿನದನ್ನು ನಾನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ಅವ್ವ ಮಿಕ್ಸರ್ ಶುರು ಮಾಡಿದರೆ ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಬಾಳೆಹಣ್ಣು ಸುಲಿದರೆ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತೇನೆ.

ತೋಟದ ಅಂಚಿಗೆ ದೊಡ್ಡ ಹುಣಸೆಮರ. ಅದರ ಮೇಲಿನ ಕೊಂಬೆಗಳಿಗೆ ಆ ಬೇಸಗೆಯಲ್ಲಿ ಮೂರು ಹೆಜ್ಜೇನು ಕಟ್ಟಿದ್ದವು. ಕಾಕಾನೇ ತೋರಿಸಿದ್ದರು. ಪೆಟ್ಟಿಗೆಗಳಿಂದ ಅದು ದೂರವೆಂದು ನಾವು ತಲೆಕೆಡಿಸಿಕೊಂಡಿರಲಿಲ್ಲ. ತಗಡಿನ ಶೆಡ್ಡಿನ ಬಾಗಿಲ ಹತ್ತಿರ ನಿಂತು ನಾನು ಹೊತ್ತು ಬರೆದುಕೊಳ್ಳುತ್ತಿದ್ದೆ. ಅವರು ಮೂರನೆಯ ಪೆಟ್ಟಿಗೆಯ ಗಾಜು ಎತ್ತುತ್ತಿದ್ದರು. ಉಸುಕಿನ ಗಾಡಿ ಖಾಲಿ ಮಾಡಿದಂಥ ಸಪ್ಪಳ ಕೇಳಿತು. ತಲೆಯೆತ್ತಿ ನೋಡಿದರೆ ಮರದ ಕೊಂಬೆಯಿಂದ ಕರಿಯ ಕಂಬಳಿ ಕಳಚಿದಂತೆ ಏನೋ ಇಳಿಯುತ್ತಿತ್ತು. ಇಳಿದದ್ದು ನೆಲಕ್ಕೆ ಬೀಳಲಿಲ್ಲ. ನಮ್ಮ ಕಡೆ ತಿರುಗಿತು.

“ಯವ್ವಾ, ಒಳಗ ಹೋಗು.”

ಮೂರು ವರ್ಷದಲ್ಲಿ ಅವರು ನನಗೆ ಏಕವಚನದಲ್ಲಿ ಮಾತಾಡಿದ್ದು ಅದೊಂದೇ ಸಲ. ನಾನು ಒಳಗೆ ಹೋದೆ. ತಗಡಿನ ಬಾಗಿಲು ಎಳೆದು ಚಿಲಕ ಹಾಕಿದೆ. ನನ್ನ ಜೊತೆ ಒಳಬಂದ ನೊಣಗಳು ಕುತ್ತಿಗೆಗೆ, ಕೈಗೆ ಏಳು ಕಡೆ ಕಚ್ಚಿದವು. ತಗಡಿನ ಸೀಳಿನಿಂದ ಹೊರಗೆ ಕಾಣುತ್ತಿತ್ತು. ಅವರ ಬಿಳಿ ಕೋಟು ಬಿಳಿಯಾಗಿ ಉಳಿದಿರಲಿಲ್ಲ. ಅವರು ಶೆಡ್ಡಿನ ಕಡೆ ಬರದೆ ದನಗಳಿಗೆ ನೀರು ತುಂಬಿಸುವ ಸಿಮೆಂಟ್ ತೊಟ್ಟಿಯ ಕಡೆ ಓಡಿದರು. ಅದರೊಳಗೆ ಬಿದ್ದರು. ತೊಟ್ಟಿಯಲ್ಲಿ ನೀರಿರಲಿಲ್ಲ.

ಇದರ ನಡುವೆ ಒಂದು ಸಲ ಶೆಡ್ಡಿನ ತಗಡಿಗೆ ಏನೋ ಬಡಿದಂತಾಯಿತು. ಅವರು ಓಡುವ ಮೊದಲೋ, ಎದ್ದು ಮತ್ತೆ ಓಡಿದ ಮೇಲೋ, ನನಗೆ ನೆನಪು ಹತ್ತುವುದಿಲ್ಲ. ಕೈಯೋ, ಗಾಳಿಗೆ ಬಿದ್ದ ಕೊಂಬೆಯೋ. ನಾನು ಚಿಲಕದ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ತೆಗೆಯಲು ಇಟ್ಟಿದ್ದೆನೋ, ತೆರೆಯದಂತೆ ಹಿಡಿದಿದ್ದೆನೋ.

ತೋಟದವರು ಒದ್ದೆ ಜೋಳದ ಕಣಿಕೆಗೆ ಬೆಂಕಿ ಹಚ್ಚಿ ಹೊಗೆ ಹಿಡಿದುಕೊಂಡು ಬರುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತೆಂದು ಆಮೇಲೆ ತಿಳಿಯಿತು. ಸರಕಿನ ಆಟೊದಲ್ಲಿ ಮಲಗಿಸಿ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ತಂದೆವು. ಇಬ್ಬರು ಸಿಸ್ಟರುಗಳು ಚಿಮಟಿಗೆಯಿಂದ ಮುಳ್ಳು ಕೀಳುತ್ತ ಕೂತರು. ಮುನ್ನೂರರವರೆಗೆ ಎಣಿಸಿ ಬಿಟ್ಟರಂತೆ. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಚ್ಚಿ ಕಾಕೂ ತಮ್ಮ ಮುಂಗೈಗೆ ಕಟ್ಟಿಕೊಂಡರು.

ಸಂಜೆಗೆ ಅವರು ಮಾತಾಡಿದರು. ಉಸಿರು ಸರಿ ಇತ್ತು. ಇಳಿದಿದ್ದ ರಕ್ತದ ಒತ್ತಡ ಮತ್ತೆ ಏರಿತ್ತು. ಗಂಡಾಂತರ ಕಳೆಯಿತು ಎಂದು ಸರ್ ನನ್ನ ಭುಜ ತಟ್ಟಿ ಧಾರವಾಡಕ್ಕೆ ಹೋದರು. ಕಾಕೂ ಹೊರಗೆ ಚಹಾ ಕುಡಿಯಲು ಹೋದಾಗ ನಾನು ಮಂಚದ ಪಕ್ಕ ಕೂತಿದ್ದೆ. ಮಂಚದ ಕೆಳಗೆ ಮೂತ್ರದ ಚೀಲ ನೇತಾಡುತ್ತಿತ್ತು. ಅದರಲ್ಲಿ ಇದ್ದುದು ಸ್ವಲ್ಪ. ಹಾಲು ಹಾಕದ ಚಹಾದ ಬಣ್ಣ, ಟ್ಯೂಬಿನಲ್ಲಿ ತೆಳುವಾಗಿದ್ದಲ್ಲಿ ಕೆಂಪು. ಆ ಕೆಂಪು ನನಗೆ ಗೊತ್ತಿತ್ತು. ಎರಡು ಸಲ ಮಾಡಿ, ಫೋಟೊ ತೆಗೆದು, ನಕ್ಷೆ ಬಿಡಿಸಿ ಇಟ್ಟುಕೊಂಡಿದ್ದ ಕೆಂಪು. ಇಂಥದೇ ವಿಷ, ಇದೇ ಮನುಷ್ಯನ ರಕ್ತ. ಒಡೆದ ಕಣಗಳೊಳಗಿನ ಬಣ್ಣವೆಲ್ಲ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ ಎಂಬುದೂ ಗೊತ್ತಿತ್ತು.

“ಅಕ್ಕಾರ, ಅದೀರೇನು?”

“ಇಲ್ಲೇ ಅದೀನ್ರಿ ಕಾಕಾ.”

“ನನ್ನ ಕಣ್ಣು ತೆರಿವಲ್ವು. ಚೀಲದಾಗ ಏನ್ ಬಣ್ಣ ಬಂದೈತಿ, ನೋಡಿ ಹೇಳ್ರಿ.”

“ಹಳದಿ ಐತ್ರಿ.”

ಅವರು ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದರು.

“ನಮ್ಮ ಪ್ಲೇಟಿನ ಮ್ಯಾಲಿನ ಸಾಲಿನಂಗ ಇಲ್ಲಲ್ಲ?”

“ಇಲ್ರಿ.”

“ಹಂಗಾದ್ರ ಛಲೋ.”

ನಾನು ಹೊರಗೆ ಹೋಗಿ ಡ್ಯೂಟಿಯ ಡಾಕ್ಟರಿಗೆ ಬಣ್ಣದ ಬಗ್ಗೆ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು. ನಾಳೆಯಿಂದ ಡಯಾಲಿಸಿಸ್ ಎಂದರು. ಎಷ್ಟು ಜನ ಉಳಿಯುತ್ತಾರೆ ಎಂದು ನಾನು ಕೇಳಿದೆ. ಅದು ಕೇಳಬಾರದ ರೀತಿಯ ಪ್ರಶ್ನೆಯೆಂದು ಕೇಳಿದ ಮೇಲೆ ಹೊಳೆಯಿತು. ನೋಡೋಣ ಎಂದು ಹೋದರು.

ಆಮೇಲೆ ಎಂಟು ದಿನ. ನಾನು ದಿನವೂ ಮನೆಯಿಂದ ನಡೆದುಕೊಂಡು ಹೋಗುತ್ತಿದ್ದೆ. ಮೂರನೆಯ ದಿನ ಒಂದು ಕಣ್ಣು ಸೀಳಿನಷ್ಟು ತೆರೆಯಿತು. ಕಾಕೂ ಗಂಜಿ ಕುಡಿಸುತ್ತಿದ್ದರೆ ಅವರು, “ಇಷ್ಟ ದಿನ ಗಿಣ್ಣ ತಿಂದಿದ್ದು ಎಲ್ಲಿಗೆ ಹೋತು? ರಕ್ತದಾಗ ಒಂದೀಟು ಉಳಿದಿದ್ರ ಈ ಹೊತ್ತಿಗೆ ಉಪಯೋಗಕ್ಕ ಬರ್ತಿತ್ತು,” ಎಂದರು. ಕಾಕೂ ನಗಲಿಲ್ಲ. “ಬಾಯಿ ಮುಚ್ಚಿ ಉಣ್ರಿ ಮದ್ಲ,” ಎಂದರು.

ಆ ದಿನವೇ, ನಾವಿಬ್ಬರೇ ಇದ್ದಾಗ, ನಾನು ಅವರನ್ನು ಕೇಳಿದೆ. “ಕಾಕಾ, ಅವತ್ತ ನೀವು ಶೆಡ್ಡಿನ ಬಾಗಲಿಗೆ ಬಂದಿದ್ರೇನ್ರಿ?”

“ಇಲ್ರಿ.”

“ಏನೋ ಬಡದ ಸಪ್ಪಳ ಕೇಳಿತ್ತು.”

“ನಾ ಬಂದಿದ್ರ ನೀವು ತಗೀತಿದ್ರಿ. ಗೊತ್ತೈತಿ ನನಗ.” ಮತ್ತೆ ಅಂದರು, “ಆ ಕೋಟಿನ ಮಾತು ಯಾರ ಮುಂದನೂ ಎತ್ತಬ್ಯಾಡ್ರಿ. ನೀರು ಬಂದಿದ್ದಿಲ್ಲ, ಅಷ್ಟ.”

ಐದನೆಯ ದಿನ ಅವರ ಉಸಿರಾಟ ಕೆಟ್ಟಿತು. ಆರನೆಯ ದಿನ ಬೆಳಗಿನಿಂದ ಅವರಿಗೆ ಮಾತು ಇರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ತೀರಿಕೊಂಡರು. ಉಣಕಲ್ಲಿನಲ್ಲಿ ಮಣ್ಣಿಗೆ ಹೋಗಿದ್ದೆ. ಹೂಳುವ ಮೊದಲು ಕೂಡಿಸಿಟ್ಟಿದ್ದ ಅವರ ಹಣೆಗೆ ಯಾರೋ ವಿಭೂತಿ ಹಚ್ಚಿದ್ದರು, ಅವರು ಹಚ್ಚಿಕೊಳ್ಳುತ್ತಿದ್ದುದಕ್ಕಿಂತ ಅಗಲ. ನನ್ನ ಕುತ್ತಿಗೆ, ಕೈಯ ಏಳು ಗಾಯ ಆಗಲೇ ಮಾಯ್ದು ತುರಿಸತೊಡಗಿದ್ದವು.

ಕೋಟಿನಿಂದಲೇ ಆಯಿತೆಂದು ನಾನು ಸಾಬೀತು ಮಾಡಲಾರೆ. ಹದ್ದು ಬಂದು ಹೆಜ್ಜೇನಿಗೆ ಬಡಿದಿರಬಹುದು. ಆ ಹೊತ್ತಿಗೆ ನಮ್ಮ ಗಾಜಿನಿಂದ ಎದ್ದ ಹೊಸ ವಾಸನೆಯೇ ಸಾಕಾಗಿತ್ತೇನೋ. ಹೆಜ್ಜೇನು ಒಮ್ಮೆ ಎದ್ದರೆ ಯಾರಾದರೂ ಸರಿ, ಅಟ್ಟಿಸಿಕೊಂಡು ಹೋಗುತ್ತದೆ. ನನ್ನ ಕಸುಬಿನಲ್ಲಿ ಒಂದು ಮಾತು ಹೇಳಬೇಕಾದರೆ ಪಕ್ಕದಲ್ಲಿ ಇನ್ನೊಂದು ಸಾಲು ಇರಬೇಕು, ಎಲ್ಲವೂ ಅದರಂತೆಯೇ, ಒಂದು ಸಂಗತಿ ಮಾತ್ರ ಬೇರೆ. ಅದನ್ನು ಮೂರು ಸಲ ಮಾಡಬೇಕು. ಆ ಗುರುವಾರಕ್ಕೆ ಪಕ್ಕದ ಸಾಲು ಇಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಪಕ್ಕದ ಸಾಲು ಇತ್ತು. ತೊಳೆದ ಕೋಟು ಹಾಕಿಕೊಂಡು ನಾನು ನಿಂತಿದ್ದೆ. ನನಗೆ ಏಳು, ಅವರಿಗೆ ಮುನ್ನೂರರ ಮೇಲೆ. ಬಾಗಿಲು ನನ್ನ ಹತ್ತಿರವಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು, ಹಿಡಿದರೂ ನಿದ್ದೆ ಬರುವುದಿಲ್ಲ.

ಇಪ್ಪತ್ತು ದಿನದ ಮೇಲೆ ಪ್ರಯೋಗಾಲಯಕ್ಕೆ ಹೋದೆ. ಮೂರನೆಯ ಸಲದ್ದು ಏನು ಮಾಡುವುದೆಂದು ಸರ್ ಮೆಲ್ಲಗೆ ಕೇಳಿದರು. ನಡುವೆ ರಕ್ತ ಬದಲಾದರೆ ಹೋಲಿಕೆ ಕೆಡುತ್ತದೆ, ಬೇರೆಯವರದು ತೆಗೆದುಕೊಂಡು ಮೂರನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ ಎಂದರು. ನನ್ನದು ತೆಗೆದುಕೊಳ್ಳುತ್ತೇನೆ ಎಂದೆ. ನಿನಗೆ ಸೂಜಿ ಆಗುವುದಿಲ್ಲವಲ್ಲ ಎಂದರು. ಒಪ್ಪಿಗೆಯ ಹಾಳೆ ತೆಗೆದು ನನ್ನ ಹೆಸರು ಬರೆದೆ.

ಮರುದಿನ ಕಾಕೂ ಬಂದರು, ಕಾಕಾನ ಸಾಮಾನು ಒಯ್ಯಲು. ಕಪಾಟಿನಲ್ಲಿ ಇದ್ದುದು ಒಂದು ಛತ್ರಿ, ಸ್ಟೀಲ್ ಡಬ್ಬಿ, ವಿಭೂತಿಯ ಗಟ್ಟಿ, ಅರ್ಧ ತುಂಬಿದ ಅಡಿಕೆಯ ಚೀಲ. ಕೋಟನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದು ಎಸೆದಿದ್ದರು. ಆಕೆ ಒಂದೊಂದನ್ನೇ ಕೈಚೀಲಕ್ಕೆ ಹಾಕಿಕೊಂಡು, ಸೆರಗಿನಿಂದ ಕಪಾಟಿನ ಒಳಗೆ ಒರೆಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

“ಅವರ ರಕ್ತ ಇಲ್ಲಿ ಇಟ್ಟೀರಿ ಅಂತಿದ್ರು. ಐತೇನ್ರಿ ಇನ್ನೂ?”

ಫ್ರಿಜ್ಜು ತೆಗೆದು ತೋರಿಸಿದೆ. ಬುಧವಾರ ಸಂಜೆಯ ಕೊಳವೆ ಅಲ್ಲೇ ನಿಂತಿತ್ತು. ‘ನಂದು’. ಇಷ್ಟು ದಿನ ಇಟ್ಟರೆ ಕಣಗಳು ತಾವಾಗಿಯೇ ಒಡೆಯುತ್ತವೆ. ಮೇಲೆ ತೇಲುವ ತಿಳಿ ಕೆಂಪಾಗಿತ್ತು. ಆಕೆ ಮುಟ್ಟಲಿಲ್ಲ. ಅಕ್ಷರ ನೋಡಿದರು.

“ಇದನ್ನ ನನಗ ಕೊಡಾಕ ಬರ್ತೈತೇನು?”

“ಬರೂದಿಲ್ರಿ ಕಾಕೂ. ರಕ್ತ ಹೊರಗ ಒಯ್ಯಾಕ ಬಿಡಂಗಿಲ್ಲ.”

“ಮತ್ತ ಏನ್ ಮಾಡ್ತೀರಿ?”

“ಆ ಸ್ಟೀಮಿನ ಡಬ್ಬಿಯೊಳಗ ಇಟ್ಟು ಕುದಿಸಿ ಚೆಲ್ತೀವ್ರಿ.”

“ಯಾರು ಮಾಡ್ತಿದ್ರು ಆ ಕೆಲ್ಸ?”

“ಕಾಕಾನ ಮಾಡ್ತಿದ್ರು.”

ಆಕೆ ತಲೆಯಾಡಿಸಿದರು. ಪ್ಲೇಟುಗಳ ಫೋಟೊ ತೋರಿಸಿ ಎಂದರು, ಅವರು ಮನೆಯಲ್ಲಿ ಅದರ ಬಗ್ಗೆ ಹೇಳುತ್ತಿದ್ದರಂತೆ. ಕಂಪ್ಯೂಟರಿನಲ್ಲಿ ತೆಗೆದೆ. ಆಕೆ ಬೆರಳು ಇಟ್ಟದ್ದು ಕೆಳಗಿನ ಸಾಲಿಗೆ, ಬೊಟ್ಟುಗಳ ಸಾಲಿಗೆ.

“ಇದು ಯಾವುದು?”

“ನೀವು ಕಳಸತಿದ್ದ ಗಿಣ್ಣದ ಹಾಲಿಂದ್ರಿ.”

“ಇದರಾಗ ಅವರ ರಕ್ತಕ್ಕ ಏನೂ ಆಗಿಲ್ಲ?”

“ಏನೂ ಆಗಿಲ್ರಿ.”

ಮೇಲಿನ ಸಾಲು ಯಾವುದೆಂದು ಆಕೆ ಕೇಳಲಿಲ್ಲ. ನೋಡಿದ್ದರು. ಬೆರಳು ತೆಗೆದು ಮಡಿಲಲ್ಲಿ ಇಟ್ಟುಕೊಂಡು, “ಕೋಟು ತೊಳಿಯೂದು ಮರತೆ, ನಂದ ತಪ್ಪು ಅಂತ ಹೇಳಿದ್ರು ನನ್ನ ಮುಂದ. ಜಿಂದಗಿಯೆಲ್ಲಾ ಏನೂ ಮರತವರಲ್ಲ ಅವರು. ಅವತ್ತ ಹೆಂಗ ಮರತ್ರೋ,” ಎಂದರು.

ಅಲ್ಲಿ ಸುಮ್ಮನಿರಬಹುದಿತ್ತು. ಸುಮ್ಮನಿರೆಂದು ಅವರೇ ಹೇಳಿಹೋಗಿದ್ದರು. ಕೈಚೀಲದ ಬಾಯಲ್ಲಿ ಡಬ್ಬಿಯ ಮುಚ್ಚಳ ಕಾಣುತ್ತಿತ್ತು.

“ಅವರು ಮರತಿದ್ದಿಲ್ರಿ ಕಾಕೂ. ಸೋಮವಾರ ತೊಳಿಯಾಕ ನಿಂತಿದ್ರು. ನಾನ ಬ್ಯಾಡಂದೆ. ಗುರುವಾರ ವಾಸನಿ ಐತಿ ಅಂದ್ರು. ಹಂಗ ಹಾಕ್ಕೋರಿ ಅಂದೆ.”

ಆಕೆ ನನ್ನ ಕಡೆ ನೋಡಲಿಲ್ಲ. ಮೂಲೆಯ ನೀಲಿ ಡ್ರಮ್ಮಿನ ಕಡೆ ನೋಡುತ್ತಿದ್ದರು.

“ಯಾಕ ಬ್ಯಾಡಂದ್ರಿ?”

“ನೀರು ಬಂದಿದ್ದಿಲ್ರಿ. ಪರೀಕ್ಷಾಕ ಬೇಕಾಗಿತ್ತು.”

“ಎಷ್ಟಿತ್ತು ಅದರಾಗ?”

“ಅರ್ಧ ಡ್ರಮ್ಮು.”

“ಅರ್ಧ ಡ್ರಮ್ಮು,” ಎಂದರು ಆಕೆ. ಸಿಟ್ಟಿನಿಂದಲ್ಲ. ಎಂಟು ದಿನದ ನೀರಿನಲ್ಲಿ ಅಡುಗೆ, ಸ್ನಾನ, ಬಟ್ಟೆ, ಭಾಂಡೆ ಎಲ್ಲ ತೂಗಿಸಿಕೊಂಡು ಬಂದ ಹೆಂಗಸು ಮನಸ್ಸಿನಲ್ಲೇ ಅಳೆಯುವಂತೆ ಅಳೆದರು. “ಒಂದ ಕೋಟಿಗೆ ಎರಡ ಬಕೀಟು ಸಾಕಾಗ್ತಿತ್ತಲ್ರಿ.”

ಕೊಳವೆಯನ್ನು ನಾನು ಸ್ಟೀಮಿನ ಡಬ್ಬಿಯಲ್ಲಿಟ್ಟೆ. ಮುಚ್ಚಳದ ತಿರುಪುಗಳನ್ನು ಎದುರುಬದುರಾಗಿ ಬಿಗಿಯಬೇಕು ಎಂದು ಅವರು ಕಲಿಸಿದ್ದರು, ಹಾಗೆ ಬಿಗಿದೆ. ಆಕೆ ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಒತ್ತಡ ಏರಿ, ಸೀಟಿ ಹೊಡೆದು, ಇಳಿಯುವವರೆಗೆ ಸ್ಟೂಲಿನ ಮೇಲೆ ಕೂತಿದ್ದರು, ಮುಂಗೈಯಲ್ಲಿ ಕಟ್ಟಿದ್ದ ಕರಡಿಗೆಯ ದಾರ ಈಗ ಅಲ್ಲಿ ಇಲ್ಲದಿದ್ದರೂ ಅದೇ ಜಾಗವನ್ನು ಬೆರಳಿನಿಂದ ಸವರುತ್ತ. ಮುಚ್ಚಳ ತೆಗೆದಾಗ ಒಳಗಿನದು ಕಂದು ಬಣ್ಣಕ್ಕೆ ತಿರುಗಿ ಹೆಪ್ಪುಗಟ್ಟಿತ್ತು. ಮಾರ್ಕರಿನ ಶಾಯಿ ಆವಿಗೆ ಹಬ್ಬಿ, ಅಕ್ಷರ ನೀಲಿ ಕಲೆಯಾಗಿತ್ತು.

ಆಕೆ ಬಗ್ಗಿ ನೋಡಿ ಕೈಚೀಲ ಎತ್ತಿಕೊಂಡರು.

“ಬರ್ತೇನಿ. ಇವತ್ತ ಉಣಕಲ್ಲಾಗ ನೀರಿನ ಪಾಳಿ. ನಾ ಹೋಗಲಿಲ್ಲಂದ್ರ ಹಿಡಿಯವ್ರು ಯಾರೂ ಇಲ್ಲ.”